ಹುಳುಮನೆಗೆ ಬಂದ ಜಿಎಸ್‌ಟಿ ಅಧಿಕಾರಿ

ಚಿಟ್ಟೆ ತೂತು ಮಾಡಿ ಬಿಟ್ಟುಹೋದ ರೇಷ್ಮೆ ಗೂಡುಗಳಿಗೆ ಬಣ್ಣ ಹಾಕಿ ಹಾರ ಕಟ್ಟುವುದು ನನ್ನ ಕಸುಬು. ಅದು ಶುರುವಾದದ್ದು ಅಕ್ಕೂರಿನಲ್ಲಿ, ದೊಡ್ಡಮ್ಮನ ಹುಳುಮನೆಯ ಮುಂದಿನ ಕೋಣೆಯಲ್ಲಿ. ಒಳಗಿನ ದೊಡ್ಡ ಕೋಣೆಯಲ್ಲಿ ಅವಳ ರೇಷ್ಮೆ ಹುಳುಗಳು, ಹೊರಗಿನ ಚಿಕ್ಕದರಲ್ಲಿ ನಾನು. ಹೊರಗಿನವರು ಬಂದರೆ ಎರಡೂ ಕಡೆಯವರಿಗೆ ಆಗುವುದಿಲ್ಲವಾದ್ದರಿಂದ ಚೆನ್ನಾಗಿ ಹೊಂದಿಕೊಂಡಿದ್ದೆವು.

ಆನ್‌ಲೈನಿನಲ್ಲಿ ಮಾರಲು ಜಿಎಸ್‌ಟಿ ನಂಬರು ಬೇಕಾಯಿತು. ಊರಿನಲ್ಲಿ ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಅಧಿಕಾರಿಯೊಬ್ಬರು ಬಂದು ಜಾಗ ನೋಡಿ ಫೋಟೊ ತೆಗೆಯುತ್ತಾರೆ, ಅವರ ವರದಿ ಸರಿಬಾರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಅವರು ಬಂದದ್ದು ಹುಳುಗಳು ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ. ನಾನು ಎದ್ದು ಹೋಗುವಷ್ಟರಲ್ಲಿ ದೊಡ್ಡಮ್ಮ ಅಂಗಳದಲ್ಲೇ ಅವರನ್ನು ತಡೆದಿದ್ದಳು.

"ಸಾಮಿ, ಅಲ್ಲೇ ನಿಂತ್ಕಳಿ. ಸೆಂಟು ಹಾಕ್ಕಂಡಿದೀರಾ?"

"ಸರ್ಕಾರಿ ಕೆಲಸಕ್ಕೆ ಬಂದಿದೀನಮ್ಮ."

"ಸರ್ಕಾರ ಬರ್ಲಿ, ಸೆಂಟು ಬ್ಯಾಡ. ಈ ವಾಸ್ನೆಗೆ ನನ್ ಹುಳ ಸೊಪ್ಪು ಮುಟ್ಟಾಕಿಲ್ಲ."

ಅಧಿಕಾರಿ ಜೀಪಿನ ಕಡೆ ತಿರುಗಿದರು. ಅವರು ಹಾಗೇ ಹೊರಟರೆ 'ಪರಿಶೀಲನೆಗೆ ಅವಕಾಶ ಕೊಡಲಿಲ್ಲ' ಎಂದು ಬರೆಯುವುದು ಖಂಡಿತ. ನಾನು ಏನೋ ಗೊಣಗಿದೆ, ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನೇ ದಾರಿ ಹುಡುಕಿದಳು. "ಕೈಕಾಲು ತೊಳ್ಕಂಡು ಈ ಅಂಗಿ ಇಕ್ಕಳಿ. ಒಗ್ದಿರೋದೇಯ."

ಅದು ದೊಡ್ಡಪ್ಪನ ಅಂಗಿ. ದೊಡ್ಡಪ್ಪ ಧಡೂತಿ ಆಸಾಮಿ. ಅಧಿಕಾರಿ ಆ ಅಂಗಿಯೊಳಗೆ ಎಲ್ಲೋ ಒಂದು ಕಡೆ ಇದ್ದುಕೊಂಡು ನನ್ನ ಕೋಣೆಗೆ ಬಂದರು.

"ಬೋರ್ಡೆಲ್ಲಮ್ಮ?"

ಬಾಗಿಲು ಮುಚ್ಚಿ ತೋರಿಸಿದೆ. ವ್ಯಾಪಾರದ ಹೆಸರಿನ ಬೋರ್ಡನ್ನು ಅದರ ಒಳಮೈಗೆ ಹಾಕಿದ್ದೆ.

"ಒಳಗಡೆ ಹಾಕಿದ್ರೆ ಯಾರಿಗೆ ಕಾಣುತ್ತೆ?"

"ನನಗೆ," ಎಂದೆ. ಅವರು ಬೋರ್ಡು ಬಿಚ್ಚಿಸಿ ನನ್ನ ಕೈಯಲ್ಲಿ ಹಿಡಿಸಿ, ಫೋಟೊ ತೆಗೆಯಲು ಫೋನು ಎತ್ತಿದರು. ನನ್ನ ಹಿಂದೆ ಹುಳುಕೋಣೆಯ ಬಾಗಿಲಿಗೆ ಅಡ್ಡಲಾಗಿ ದೊಡ್ಡಮ್ಮ ಎರಡೂ ಕೈ ಚಾಚಿ ನಿಂತಿದ್ದಳು.

"ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೊದಲ್ಲಿ ಬೀಳ್ತಿದೀರ."

"ನಾನ್ ಬಂದ್ರೆ ನೀವು ಒಳೀಕೆ ನುಗ್ತೀರ."

"ನೀವೇನು ಇವರ ಪಾರ್ಟ್ನರಾ?"

"ಊಂ ಮತ್ತೆ. ಮನೆ ನಂದಲ್ವಾ?"

ಅಧಿಕಾರಿ ಫೋನು ಇಳಿಸಿದರು. "ಅರ್ಜಿಯಲ್ಲಿ ಒಬ್ಬರದೇ ವ್ಯಾಪಾರ ಅಂತ ಇದೆಯಲ್ಲಮ್ಮ. ಪಾರ್ಟ್ನರ್ ಇದ್ರೆ ಇದು ನಡೆಯಲ್ಲ. ಹೊಸದಾಗಿ ಹಾಕ್ಬೇಕು."

ದೊಡ್ಡಮ್ಮ ಬಾಡಿಗೆಯ ಮಾತೆತ್ತದೆ ಕೋಣೆ ಕೊಟ್ಟವಳು. ಅವಳ ಮನೆಯಲ್ಲೇ ನಿಂತು, ಹೊರಗಿನವರ ಮುಂದೆ, ಅವಳು ನನಗೇನೂ ಅಲ್ಲ ಎನ್ನುವುದು ಹೇಗೆ? ಆದರೆ ಸುಮ್ಮನಿದ್ದರೆ ನಂಬರು ಹೋಗುತ್ತಿತ್ತು. "ಮನೆ ಅವರದು. ವ್ಯಾಪಾರ ನನ್ನೊಬ್ಬಳದೇ," ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಪಕ್ಕದ ಮನೆಯವರು ಇಣುಕಿದರು.

ದೊಡ್ಡಮ್ಮ ಕೈ ಇಳಿಸಲಿಲ್ಲ. "ಅಂಗೇ ಬರ್ಕಳಿ ಸಾಮಿ," ಎಂದಳು. "ಲಾಸಾದ್ರೂ ಅವ್ಳೊಬ್ಳುದೇ ಅಂತ್ಲೂ ಬರ್ಕಳಿ."

ಅಧಿಕಾರಿ ನಗು ತಡೆಯಲಾರದೆ ಅವಳನ್ನೂ ಸೇರಿಸಿಯೇ ಫೋಟೊ ತೆಗೆದರು. ಕೆಲವು ದಿನಗಳಲ್ಲಿ ನಂಬರು ಬಂತು. ಮೊದಲು ದೊಡ್ಡಮ್ಮನಿಗೇ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು.

"ಇಷ್ಟುದ್ದ! ನಮ್ ಟ್ರ್ಯಾಕ್ಟ್ರಿಗೂ ಇಷ್ಟಿಲ್ವಲ್ಲ ಮಗ."