ಊದಿದ ಮೇಲೆ ನಿಲ್ಲುವುದು

ಬೀರೂರಿನ ಕಬಡ್ಡಿ ಪಂದ್ಯ ಹೊಡೆದಾಟದಲ್ಲಿ ಮುಗಿದದ್ದು ನನ್ನಿಂದ. ಬಾಯಲ್ಲೇ ರೆಫ್ರಿಯ ಸೀಟಿ ಸದ್ದು ಹೊರಡಿಸುವ ವಿದ್ಯೆ ನನಗಿತ್ತು. ಎಲ್ಲಿ ಹೊರಡಿಸಬಾರದು ಎಂಬ ಬುದ್ಧಿ ಇರಲಿಲ್ಲ. ಜನರ ನಡುವೆ ಕೂತು ಊದಿಯೇ ಬಿಟ್ಟೆ. ದಾಳಿಗೆ ಹೋಗಿದ್ದ ಹುಡುಗ ನಿಜವೆಂದು ನಂಬಿ ನಿಂತ. ಎದುರಾಳಿಗಳು ಕಾಲು ಹಿಡಿದು ಕೆಡವಿದರು. ಎರಡೂ ಕಡೆಯವರು ಕೈ ಕೈ ಮಿಲಾಯಿಸುವ ಹೊತ್ತಿಗೆ ಈ ಶೂರ ಎಳನೀರು ಗಾಡಿಯ ಹಿಂದೆ ಕುಕ್ಕರಗಾಲಲ್ಲಿದ್ದ.

ಅಂದು ರೆಫ್ರಿಯಾಗಿದ್ದವರು ನಮ್ಮ ಪಿ.ಟಿ. ಮೇಷ್ಟ್ರು. ಅವರ ನಡಿಗೆ, ಕೆಮ್ಮು ಅನುಕರಿಸಿಯೇ ನಾನು ಶಾಲೆಯಲ್ಲಿ ಹೆಸರು ಮಾಡಿದ್ದು. ಗಾಡಿಯ ಹಿಂದಕ್ಕೇ ಬಂದರು. ಬೈಯಲಿಲ್ಲ.

"ಊದೋಕೆ ಯಾರ್ ಬೇಕಾದ್ರೂ ಊದ್ತಾರೆ ಕಣಪ್ಪಾ. ಊದಿದ್ಮೇಲೆ ಅಲ್ಲೇ ನಿಂತ್ಕೋಬೇಕು. ನಿಂಗಾಗುತ್ತಾ?"

"ಆಗುತ್ತೆ ಸಾರ್" ಎಂದೆ. ಕುಕ್ಕರಗಾಲಲ್ಲಿ ಹೇಳಿದ್ದರಿಂದ ಮಾತಿಗೆ ಅಷ್ಟು ತೂಕ ಬರಲಿಲ್ಲ.

ಆದರೆ ಹಟ ಹತ್ತಿತು. ತರೀಕೆರೆ, ಅಜ್ಜಂಪುರ, ಎಲ್ಲಿ ಶಾಲಾ ಪಂದ್ಯವಿದ್ದರೂ ಮೇಷ್ಟ್ರ ಬೈಕಿನ ಹಿಂದೆ ಹತ್ತಿ ಹೋಗಿ ಗೆರೆ ಕಾಯ್ದೆ. ರೆಫ್ರಿ ಪರೀಕ್ಷೆ ಬರೆದೆ, ಫೇಲಾದೆ, ಮತ್ತೆ ಬರೆದೆ. ದಾಳಿಗಾರ 'ಕಬಡ್ಡಿ ಕಬಡ್ಡಿ' ಎನ್ನುವುದು ಒಂದೇ ಉಸಿರಲ್ಲಿ. ನಡುವೆ ಉಸಿರು ಕದ್ದರೆ ಔಟು. ಊರವರ ದನಿಯನ್ನೆಲ್ಲ ಕದ್ದ ನನ್ನ ಕಿವಿಗೆ ಆ ಕಳ್ಳತನ ಸಲೀಸಾಗಿ ಸಿಗುತ್ತಿತ್ತು.

ರೆಫ್ರಿಯಾಗಿ ನನ್ನ ಮೊದಲ ಪಂದ್ಯ ಪಂಚನಹಳ್ಳಿಯಲ್ಲಿ, ನಮ್ಮೂರಲ್ಲೇ. ಒಂದಂಕ ಬಂದರೆ ನಮ್ಮೂರಿಗೆ ಗೆಲುವು. ಕೊನೆಯ ದಾಳಿಗೆ ಹೊರಟವನು ನನ್ನ ದೊಡ್ಡಪ್ಪನ ಮಗ. ಎದುರಾಳಿಯನ್ನು ಮುಟ್ಟುವ ಮುಂಚೆಯೇ ಅವನ 'ಕಬಡ್ಡಿ' ತುಂಡಾಯಿತು, ಗಾಳಿ ಒಳಗೆ ಹೋಯಿತು. ಊದಿದೆ.

"ಲೇ, ಇದೂ ನಿನ್ನ ಮಿಮಿಕ್ರಿನೇನೋ?" ಎಂದು ಜನ ಕೂಗಿದರು.

"ನಾನ್ಯಾವಾಗ್ಲೋ ಉಸ್ರು ತಗೊಂಡೆ?" ಅಣ್ಣ ಎದೆಗೆ ಎದೆ ಕೊಟ್ಟು ನಿಂತ. "ಮನೆ ಕಡೆ ಬಾ ಇವತ್ತು, ಐತೆ ನಿಂಗೆ."

ಅವನದೇ ದನಿ ತೆಗೆದು ಎಲ್ಲರನ್ನೂ ನಗಿಸಿ ಪಾರಾಗಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ನುಂಗಿಕೊಂಡೆ. ಆಟಗಾರ ನಿಲ್ಲುವುದು ಸೀಟಿಯನ್ನು ನಂಬಿ. ಅಣ್ಣನಿಗೆ ಹೆದರಿ ಇದನ್ನು ಹಿಂದಕ್ಕೆ ಪಡೆದರೆ ನಾಳೆ ನನ್ನ ಸೀಟಿಗೆ ಯಾವನೂ ನಿಲ್ಲುವುದಿಲ್ಲ. ಕೈ ಎತ್ತಿ ಮತ್ತೊಮ್ಮೆ "ಔಟ್" ಎಂದೆ, ಅಂಕಣದ ನಡುವೆ ಕದಲದೆ ನಿಂತೆ.

ಅಣ್ಣ ಮುಂದಿನ ಸಾಲಲ್ಲಿ ಕೂತಿದ್ದ ದೊಡ್ಡಮ್ಮನ ಕಡೆ ತಿರುಗಿದ. "ಅವ್ವಾ, ನೀನಾದ್ರೂ ಹೇಳು, ನಾನು ಉಸ್ರು ತಗೊಂಡ್ನಾ?"

ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳು: "ಹೂಂ ಕಣೋ, ಎಮ್ಮೆ ನೀರ್ ಕುಡ್ದಂಗೆ ತಗೊಂಡೆ, ಇಲ್ಲೀಗಂಟ ಕೇಳುಸ್ತು. ಸುಮ್ನೆ ಆಚೆ ಬಾ!"