ಗೋಡೆಯಾಚೆಯ ಒಂದು ಸೆಕೆಂಡು

ಬೀದಿಯವರು ಅವಳಿಗೆ ಇಟ್ಟ ಹೆಸರು ಡಾರ್ಕ್‌ರೂಮಕ್ಕ. ಮೂವತ್ತೊಂದು ವರ್ಷ ಗಂಡನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು, ಫೋಟೋ ಒಣಗಿಸಿ, ಪ್ರತಿಯೊಂದರ ಬೆನ್ನಿಗೂ ಗಂಡನ ಹೆಸರಿನ ಸೀಲು ಒತ್ತಿದವಳು. ಕ್ಯಾಮೆರಾ ಮಾತ್ರ ಅವಳ ಕೈಗೆ ಬಂದದ್ದೇ ಇಲ್ಲ. "ಬೀಳಿಸಿಬಿಡ್ತೀಯ" ಎಂದು ಗಂಡ ಮೊದಲ ವರ್ಷ ಹೇಳಿದ್ದ. ಮೂರು ಮಕ್ಕಳನ್ನು ಎತ್ತಿ ಆಡಿಸಿದ ಆ ಕೈ ಒಂದನ್ನೂ ಬೀಳಿಸಿರಲಿಲ್ಲ. ಅದನ್ನು ಯಾರು ಲೆಕ್ಕಕ್ಕಿಟ್ಟರು?

ಕ್ಯಾಮೆರಾ ಕೆಟ್ಟು ಅಟ್ಟ ಸೇರಿತು, ಸ್ಟುಡಿಯೋ ಮುಚ್ಚಿತು. ಒಂದು ದಿನ ಹೋಟೆಲ್ ನಡೆಸುವ ಮೈದುನ ಬಂದು ಅದನ್ನು ಕೆಳಗಿಳಿಸಿದ.

"ಅತ್ತಿಗೆ, ಇದಕ್ಕೊಂದು ತೂತು ಕೊರೆದು, ಒಳಗೆ ಬಲ್ಬ್ ಹಾಕಿ ಕೌಂಟರ್ ಮೇಲೆ ಇಟ್ರೆ ಎಂಥಾ ದೀಪ ಆಗುತ್ತೆ ಗೊತ್ತಾ! ಭಾನುವಾರ ಡ್ರಿಲ್ಲಿಂಗ್ ಮಷಿನ್ ತರ್ತೀನಿ."

"ಕೊರ್ಕೋ. ಅದು ವಯಸ್ಸಾಗಿ ಸತ್ತಿದೆ" ಎಂದ ಗಂಡ, ಪೇಪರಿನಿಂದ ತಲೆ ಎತ್ತದೆ.

"ವಯಸ್ಸಾದದ್ದಕ್ಕೆಲ್ಲ ತೂತು ಕೊರೆಯೋದಾದ್ರೆ, ಈ ಮನೇಲಿ ಮೊದಲು ಯಾರಿಗೆ ಕೊರೀಬೇಕು ಅಂತ ನಾನು ಹೇಳ್ತೀನಿ" ಎಂದಳು ಅವಳು. ಮೈದುನ ನಕ್ಕ. ಅವಳು ನಗಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಜನ್ಮದಲ್ಲಿ ಒಂದು ಸಲವಾದರೂ ಆ ಗುಂಡಿ ಒತ್ತಬೇಕೆಂಬ ಆಸೆಯನ್ನು ಅವಳು ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಭಾನುವಾರಕ್ಕೆ ಐದೇ ದಿನ.

ಮರುದಿನ ಊಟದ ಮೇಜಿನ ಮೇಲೆ ಬಿಳಿ ದುಪ್ಪಟಿ ಹಾಸಿದಳು. ಕನ್ನಡಕದಂಗಡಿಯಿಂದ ತಂದ ಪುಟ್ಟ ಸ್ಕ್ರೂ ಡ್ರೈವರಿನಿಂದ ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಟೇಪಿಗೆ ಅಂಟಿಸಿದಳು. ಲೆನ್ಸಿನ ಹಿಂದೆ, ಬೆಳಕಿಗೆ ದಾರಿ ಬಿಡುವ ಐದು ತೆಳು ತಗಡುಗಳು ಒಂದಕ್ಕೊಂದು ಅಂಟಿ ಕೂತಿದ್ದವು. ಹತ್ತಿಯಿಂದ ಒರೆಸಿದರೆ ಹಳದಿ ಜಿಡ್ಡು. ಮೂಗಿಗೆ ಹಿಡಿದಳು. ಅವಳ ಹೊಲಿಗೆ ಮಷಿನ್ನಿನ ಎಣ್ಣೆ! ಅಲ್ಲಿ ಒಂದು ಹನಿ ಎಣ್ಣೆಯೂ ಬೀಳಬಾರದು. ಕ್ಯಾಮೆರಾ ಕೆಡುವ ಮುಂಚೆ ಒಂದು ದಿನ ಎಣ್ಣೆ ಡಬ್ಬಿ ಅರ್ಧ ಖಾಲಿಯಾದದ್ದಕ್ಕೆ ಮಕ್ಕಳು ಬೈಸಿಕೊಂಡಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಕೂಗಾಡಬಹುದಿತ್ತು. ಅದರ ಬದಲು ಸ್ಪಿರಿಟ್ ಬಾಟಲಿ ತಂದಳು. ತಗಡುಗಳನ್ನೂ ಪುಟ್ಟ ಹಲ್ಲಿನ ಚಕ್ರಗಳನ್ನೂ ಎರಡು ದಿನ ತೊಳೆದಳು. ಬಾಗಿಲು ಕಿಟಕಿ ಮುಚ್ಚಿ, ಲೆನ್ಸಿಗೂ ಪೆಟ್ಟಿಗೆಗೂ ನಡುವಿನ ಮಡಿಕೆ ಚರ್ಮದೊಳಗೆ ಟಾರ್ಚ್ ಹಿಡಿದು, ಬೆಳಕು ಸೋರುವ ಏಳು ತೂತುಗಳಿಗೆ ಹರಿದ ಕೊಡೆಯ ಕಪ್ಪು ಬಟ್ಟೆ ಅಂಟಿಸಿದಳು.

"ಸರಿಯಾಗಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ? ಒಂದು ಸಲವೂ ಮುಟ್ಟಿದವಳಲ್ಲ" ಎಂದ ಗಂಡ.

ಮುಟ್ಟಿರಲಿಲ್ಲ, ನಿಜ. ಕೇಳಿದ್ದಳು. ಕತ್ತಲೆ ಕೋಣೆಯ ಹಲಗೆ ಗೋಡೆಯಾಚೆ ಕೂತು ದಿನಕ್ಕೆ ನಲವತ್ತು ಸಲ. ತಗಡುಗಳು ಒಂದು ಸೆಕೆಂಡು ತೆರೆದಿರುವಂತೆ ಇಟ್ಟು ಗುಂಡಿ ಒತ್ತಿದರೆ ಅದು ಝರ್‍ರೆಂದು ಓಡಿ ಟಕ್ಕೆನ್ನಬೇಕು. ಗುರುವಾರ ಅದು ಝರ್ ಎಂದು ಅರ್ಧಕ್ಕೇ ನಿಂತಿತು. ಶುಕ್ರವಾರ ಎಳೆದಾಡಿತು. ಶನಿವಾರ ಮಧ್ಯಾಹ್ನ, ಗೋಡೆಯಾಚೆ ಕೇಳುತ್ತಿದ್ದ ಅದೇ ಸದ್ದು ಮೇಜಿನ ಮೇಲಿಂದ ಬಂತು. ಪಕ್ಕದ ಕೋಣೆಯಲ್ಲಿ ಗಂಡ ಪೇಪರ್ ಮಡಚಿದ್ದು ಕೇಳಿಸಿತು.

ಭಾನುವಾರ ಮೈದುನ ಡ್ರಿಲ್ಲಿಂಗ್ ಮಷಿನ್ ಹಿಡಿದು ಬರುವಾಗ, ಫ್ರಿಜ್ಜಿನಲ್ಲಿ ಹಾಲಿನ ಹಿಂದೆ ಉಳಿದಿದ್ದ ಕೊನೆಯ ಫಿಲ್ಮ್ ಕ್ಯಾಮೆರಾದೊಳಗಿತ್ತು. ಗಂಡನನ್ನು ಅವಳು ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದಳು.

"ಅತ್ತಿಗೆ, ಸತ್ತಿರೋದಕ್ಕೆ ಇದೆಲ್ಲ ಯಾಕೆ?"

"ವಯಸ್ಸಾಗಿ ಸತ್ತದ್ದಲ್ಲಪ್ಪ ಅದು. ನನ್ನ ಮಷಿನ್ ಎಣ್ಣೆ ಕುಡಿಸಿ ಕೊಂದವರು ಯಾರು ಅಂತ ನಿಮ್ಮಣ್ಣನ್ನೇ ಕೇಳು."

ಗಂಡನ ಮುಖದ ಬಣ್ಣ ಹೋಯಿತು. ಏನೋ ಹೇಳಲು ಬಾಯಿ ತೆರೆದ.

"ಬಾಯಿ ಮುಚ್ಕೊಳ್ಳಿ, ಫೋಟೋ ಕೆಡುತ್ತೆ. ಅಲುಗಾಡಬೇಡಿ" ಎಂದು ಒತ್ತಿದಳು.

ಝರ್‍ರ್, ಟಕ್. ಮೈದುನ ಡ್ರಿಲ್ಲಿಂಗ್ ಮಷಿನ್ನನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದ.

ಅವಳೇ ತೊಳೆದ ಫೋಟೋ ಸಂಜೆಗೆ ಒಣಗಿತು. ಸಿಕ್ಕಿಬಿದ್ದವನ ಕಣ್ಣು, ಬಿಗಿದ ತುಟಿ, ರೆಪ್ಪೆಯ ಕೂದಲೂ ಎಣಿಸುವಷ್ಟು ಸ್ಪಷ್ಟ. ಗಂಡ ಬಹಳ ಹೊತ್ತು ನೋಡಿದ. "ಬಿಗಿ ಬಿಡಲಿ ಅಂತ ನಾನೇ ಎಣ್ಣೆ ಬಿಟ್ಟಿದ್ದು" ಎಂದ. ಆಮೇಲೆ ಅಭ್ಯಾಸಬಲದಿಂದ ಡ್ರಾಯರ್ ಎಳೆದು, ತನ್ನ ಹೆಸರಿನ ಸೀಲನ್ನು ಅವಳತ್ತ ಚಾಚಿದ.

ಅವಳು ಅದನ್ನು ಇಸಿದುಕೊಂಡು ಡ್ರಾಯರಿಗೇ ಹಾಕಿ ಮುಚ್ಚಿದಳು. ಫೋಟೋ ಮಗುಚಿ, ಪೆನ್ಸಿಲಿನಲ್ಲಿ ದಪ್ಪಕ್ಕೆ ಬರೆದಳು: ತೆಗೆದವಳು ನಾನು.