ಆರನೆಯ ತರಗತಿಯಲ್ಲಿ ಮಾಳವ್ವನ ಜಾಗ

ಶಿಕ್ಷಣ ಹಕ್ಕು ಕಾಯ್ದೆ ಬಂದು ಏಳೆಂಟು ವರ್ಷವಾಗಿತ್ತು. ಮುಧೋಳ ತಾಲ್ಲೂಕಿನಲ್ಲಿ ನಾನು ಶಿಕ್ಷಣ ಸಂಯೋಜಕ. ಶಾಲೆಗಳಿಗೆ ಹೋಗಿ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವ ಕೆಲಸ. ಅಂದಿನ ಮಾತುಗಳನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆಂಬ ಭರವಸೆ ನನಗಿಲ್ಲ. ನಡೆದದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ.

ದೀಪಾವಳಿ ರಜೆ ಮುಗಿದ ವಾರ ಒಂದು ಅನುದಾನಿತ ಶಾಲೆಗೆ ಹೋಗಿದ್ದೆ. ಅನುದಾನಿತ ಎಂದರೆ ಕಟ್ಟಡ, ಆಡಳಿತ ಖಾಸಗಿ ಸಂಸ್ಥೆಯದು. ಶಿಕ್ಷಕರ ಸಂಬಳ ಸರ್ಕಾರದ್ದು. ಹೊಸದಾಗಿ ಸೇರುವ ಮಗು ಸಂಸ್ಥೆಯ ಅಧ್ಯಕ್ಷರೆದುರು ಒಂದು ಪಾಠ ಓದಬೇಕೆಂಬುದು ಅಲ್ಲಿನ ಹಳೆಯ ಪದ್ಧತಿ. ಓದಿಗೆ ತಕ್ಕ ತರಗತಿ. ಅಂದು ನಿಂತಿದ್ದವಳು ಕುರಿಗಾರ ಬೀರಪ್ಪನ ಮಗಳು ಮಾಳವ್ವ, ಹನ್ನೊಂದು ವರ್ಷದವಳು. ಕುರಿಗಳ ಹಿಂದೆ ಊರೂರು ತಿರುಗಿದ್ದರಿಂದ ಒಂದನೆಯ ತರಗತಿಯ ನಂತರ ಶಾಲೆ ಕಂಡಿರಲಿಲ್ಲ. ಎರಡನೆಯ ಸಾಲಿಗೇ ತಡವರಿಸಿ ನಿಂತಳು.

“ಎರಡನೇ ಕ್ಲಾಸಿನ್ಯಾಗ ಕುಂದರಸ್ರಿ,” ಎಂದರು ಅಧ್ಯಕ್ಷರು.

ಬೀರಪ್ಪನೂ ಒಪ್ಪಿದ. “ಬುನಾದಿಯಿಂದ ಕಲೀಲಿ ಬಿಡ್ರಿ.”

ಮಾಳವ್ವ ಅಪ್ಪನ ಕಡೆ ತಿರುಗಿದಳು. “ಆ ಸಣ್ಣ ಹುಡುಗೂರ ಮೂಗ ಒರಸ್ಕೋತ ಕುಂದ್ರಲೇನ? ಅದಕ್ಕಿಂತ ಕುರಿ ಛಲೋ. ನಾ ನಿನ್ನ ಜೋಡಿ ಬರ್ತೇನಿ.”

ಅಧ್ಯಕ್ಷರು ನಕ್ಕರು. ಅವಳು ನಗಲಿಲ್ಲ. ಈಗ ಹೊರಗೆ ಹೋದರೆ ಮತ್ತೆ ಬರುವವಳಲ್ಲ ಎನಿಸಿತು ನನಗೆ.

ಕಾಯ್ದೆ ಏನೆನ್ನುತ್ತದೆಂದು ನಾನು ಹೇಳಿದೆ: ಪ್ರವೇಶಕ್ಕೆ ಪರೀಕ್ಷೆ ಮಾಡುವಂತಿಲ್ಲ, ವರ್ಷದ ನಡುವೆ ಬಂದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಅಂದರೆ ಆರನೆಯದಕ್ಕೆ.

“ಸಾಲಿ ಕಟ್ಟಿದಾವ್ರು ನಾವರಿ, ಸಾಹೇಬ್ರ,” ಎಂದರು ಅಧ್ಯಕ್ಷರು.

“ಪಗಾರ ಕೊಡಾವ್ರು ಯಾರ್ರಿ, ಸಾವಕಾರ್ರ?” ಎಂದೆ ನಾನು.

ಅವರು ಪ್ರವೇಶ ಪುಸ್ತಕವನ್ನು ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯರ ಕಡೆ ಸರಿಸಿದರು. ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು. “ಆತ್ರಿ, ಆರನೇದಾಗ ಕುಂದರಸ್ತೇನಿ. ನಾಳಿ ಪಾಠ ಆಕಿಗೆ ತಿಳಿಯೂದು ಹ್ಯಾಂಗ್ರಿ? ಅದನ್ನೂ ನಿಮ್ಮ ಕಾಯ್ದೆ ಹೇಳತೈತೇನ್ರಿ?”

ಹೇಳುತ್ತದೆ. ಇಂಥ ಮಕ್ಕಳಿಗೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ ಎಂದೆ.

“ಯಾರ ಕೊಡಾವ್ರು?”

ಕಳಿಸಲು ನನ್ನ ಬಳಿ ಒಬ್ಬ ಶಿಕ್ಷಕರೂ ಇರಲಿಲ್ಲ. ನನ್ನ ಮುಖ ನೋಡಿ ಮುಖ್ಯೋಪಾಧ್ಯಾಯರೇ ಹುಡುಗಿಯನ್ನು ಕೇಳಿದರು: “ಮುಂಜಾನೆ ಪ್ರಾರ್ಥನಾಕಿಂತ ಮೊದಲ ಬರ್ತಿಯೇನಬೇ? ನಾನ ಕಲಸ್ತೇನಿ.”

“ಕುರಿಗಿಂತ ಮೊದಲ ಏಳಾಕಿರಿ ನಾ,” ಎಂದಳು.

ಬೇಸಿಗೆ ರಜೆಯ ಮುಂಚೆ ಮತ್ತೆ ಹೋದಾಗ ಮಾಳವ್ವ ಆರನೆಯ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ.

“ಲಗೂನ ಓದಬೇ,” ಎಂದಳು ಪಕ್ಕದವಳು.

“ತಡಿಯಬೇ, ಓದಾಕತ್ತೇನಲ್ಲ.” ತಲೆ ಎತ್ತಲಿಲ್ಲ. ತರಗತಿ ಅವಳಿಗಾಗಿ ಕಾಯುತ್ತಿತ್ತು.

ಆ ಶಾಲೆಯಲ್ಲಿ ಕಾಯ್ದೆ ಜಾರಿ ಮಾಡಿದವನು ನಾನೇ ಎಂದು ನೆನಪು ಈಗಲೂ ಹೇಳುತ್ತದೆ. ಆದರೆ ನಾನು ಅರ್ಧ ಹೇಳಿ ಬೈಕು ಹತ್ತಿದ್ದೆ. ಉಳಿದರ್ಧವನ್ನು ದಿನಾಲೂ ಮುಂಜಾನೆ ನಡೆಸಿದವರು ಆ ಮುಖ್ಯೋಪಾಧ್ಯಾಯರು. ಮುಂದೆ ಯಾವ ಶಾಲೆಯಲ್ಲೂ “ಸೇರಿಸಿಕೊಳ್ಳಿ” ಎಂದ ಮೇಲೆ “ಕಲಿಸುವವರು ಯಾರು?” ಎಂದು ಕೇಳದೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ.